ಗೋಪುರದ ನಡಿಗೆಯ ಎಣಿಕೆ

ವೇದಿಕೆಯ ನಡುವಿನ ಕುರ್ಚಿಯಲ್ಲಿರುವ ಮಾನ್ಯ ಅಧ್ಯಕ್ಷರೇ, ನಲವತ್ತು ವರ್ಷ ಇತಿಹಾಸ ಕಲಿಸಿ ಇವತ್ತು ನಮ್ಮ ಅತಿಥಿಯಾಗಿ ಬಂದಿರುವ ಮೇಷ್ಟ್ರೇ, ನಮ್ಮ ಪ್ರವಾಸ ಕಚೇರಿಯ ವ್ಯವಸ್ಥಾಪಕರೇ, ಇವತ್ತು ನಿವೃತ್ತರಾಗಿ ಹೂಗುಚ್ಛದ ಹಿಂದೆ ಅರ್ಧ ಮರೆಯಾಗಿ ಕುಳಿತಿರುವ ನಮ್ಮೆಲ್ಲರ ಅಕ್ಕನವರೇ, ಗೈಡುಗಳೇ, ಚಾಲಕರೇ, ಹಳೇ ಊರಿನ ಓಣಿಗಳಿಂದ ಅಂಗಡಿಗೆ ಬೀಗ ಹಾಕಿ ಬಂದಿರುವ ಸಭಿಕರೇ, ಮತ್ತು ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕುಳಿತಿರುವ ನನ್ನ ಅಮ್ಮನೇ,

ಇವತ್ತು ಬೆಳಿಗ್ಗೆ ನಾನು ಒಂದು ಜೊತೆ ಚಪ್ಪಲಿ ನೋಡಿದೆ.

ನಮ್ಮ ಕಚೇರಿಯ ಒಳಬಾಗಿಲ ಪಕ್ಕ ಒಂದು ಮರದ ಬೆಂಚಿದೆ. ನಡಿಗೆಗೆ ಹೋಗುವ ಗೈಡುಗಳು ಕೆಲಸದ ಚಪ್ಪಲಿಯನ್ನು ಅದರ ಕೆಳಗೆ ಬಿಡುತ್ತಾರೆ. ನಿನ್ನೆ ಸಂಜೆ ಅಕ್ಕ ತಮ್ಮ ಹಳೆಯ ಚಪ್ಪಲಿಯನ್ನು ಅಲ್ಲೇ ಮರೆತು ಹೋಗಿದ್ದರು. ಕಸ ಗುಡಿಸುವವರು ಅದನ್ನು ಮಗುಚಿ ಇಟ್ಟಿದ್ದರಿಂದ ಅಟ್ಟೆ ಕಾಣುತ್ತಿತ್ತು. ನಮ್ಮ ನಿಮ್ಮ ಚಪ್ಪಲಿ ಎಲ್ಲಿ ಸವೆಯುತ್ತದೆ? ಹಿಮ್ಮಡಿಯಲ್ಲಿ. ಅಕ್ಕನ ಚಪ್ಪಲಿಯ ಹಿಮ್ಮಡಿ ಅಂಗಡಿಯಿಂದ ತಂದ ದಿನದಂತೆಯೇ ಇದೆ, ಅದರ ಗೀರುಗಳು ಕೂಡ ಅಳಿಸಿಲ್ಲ. ಸವೆದಿರುವುದು ಮುಂಭಾಗ. ಹೆಬ್ಬೆರಳಿನ ಜಾಗದಲ್ಲಿ ಅಟ್ಟೆ ಎಷ್ಟು ತೆಳುವಾಗಿದೆಯೆಂದರೆ, ಕಿಟಕಿಗೆ ಹಿಡಿದು ನೋಡಿದಾಗ ಬೆಳಕು ಕಂಡಿತು.

ಇಷ್ಟು ಹೇಳಿದರೆ ಇಲ್ಲಿರುವ ಗೈಡುಗಳಿಗೆ ಎಲ್ಲವೂ ಅರ್ಥವಾಗುತ್ತದೆ. ಉಳಿದವರಿಗೆ ಹೇಳಬೇಕು. ಮೂವತ್ತೊಂದು ವರ್ಷದ ಸೇವೆಯಲ್ಲಿ ಅಕ್ಕ ಇಪ್ಪತ್ತೊಂಬತ್ತು ವರ್ಷ ಹಿಂದಕ್ಕೆ ನಡೆದಿದ್ದಾರೆ. ಪ್ರವಾಸಿಗರ ಕಡೆ ಮುಖ ಮಾಡಿ, ಹೋಗಬೇಕಾದ ದಾರಿಗೆ ಬೆನ್ನು ಕೊಟ್ಟು, ಹಳೇ ಬಾಗಿಲಿನಿಂದ ಗಡಿಯಾರದ ಗೋಪುರದವರೆಗೆ ಮಾತಾಡುತ್ತಾ ನಡೆದಿದ್ದಾರೆ. ಹಿಂದಕ್ಕೆ ನಡೆಯುವಾಗ ನೆಲಕ್ಕೆ ಮೊದಲು ತಾಗುವುದು ಬೆರಳು.

ನನಗೆ ಮೂರು ನಿಮಿಷ ಕೊಟ್ಟಿದ್ದಾರೆ. ನಾನು ಬರೆದ ಅಭಿನಂದನಾ ಪತ್ರವನ್ನು ನಾನೇ ಓದಿ ಕೆಳಗಿಳಿಯಬೇಕು. ವ್ಯವಸ್ಥಾಪಕರು ಹೇಳಿದ್ದೂ ಅಷ್ಟೇ: "ಸಾಹಿತ್ಯ ಓದಿದೋಳು ನೀನು. ನೀನೇ ಬರಿ, ನೀನೇ ಓದು. ನಿಂಗೆ ಹೇಳಿದ್ರೆ ಮೂರು ನಿಮಿಷದಲ್ಲಿ ಮುಗಿಯತ್ತೆ ಅನ್ನೋ ಧೈರ್ಯ ಇದೆ." ಅವರ ಲೆಕ್ಕ ತಪ್ಪಲ್ಲ. ನಾನು ಮಾತಾಡದವಳು ಎಂದು ಇಡೀ ಕಚೇರಿಗೆ ಗೊತ್ತು. ಮೈಕಿನ ಮುಂದೆ ನಿಲ್ಲುತ್ತೇನೆ ಎಂದು ಅಮ್ಮನಿಗೆ ಹೇಳಿದಾಗ ಅವರು ತಮ್ಮ ಅಂಗಡಿಯ ಜೆರಾಕ್ಸ್ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದರು. "ನೀನಾ? ಬಸ್ಸಲ್ಲಿ 'ಇಲ್ಲಿ ನಿಲ್ಸಿ' ಅನ್ನೋಕಾಗ್ದೆ ಮುಂದಿನ ಸ್ಟಾಪಲ್ಲಿ ಇಳಿದು ವಾಪಸ್ ನಡ್ಕೊಂಡು ಬರೋಳು ನೀನು! ಮೈಕಲ್ಲಿ ಏನೇ ಮಾತಾಡ್ತೀಯ?" ಎಂದರು. ಅದೂ ನಿಜ. ನಗಬೇಡಿ, ನಮ್ಮ ಮನೆಯ ಸ್ಟಾಪಿನಲ್ಲಿ ನಾನು ಈಗಲೂ ಇನ್ನೊಬ್ಬರು ಇಳಿದರೆ ಮಾತ್ರ ಇಳಿಯುತ್ತೇನೆ.

ಹಾಗಾಗಿ ಪತ್ರವನ್ನೇ ಓದುತ್ತೇನೆ.

"ಈ ಪುರಾತನ ನಗರವನ್ನು ಸಾವಿರಾರು ಪ್ರವಾಸಿಗರಿಗೆ ಪರಿಚಯಿಸಿದ, ನಡಿಗೆ ಪ್ರವಾಸಗಳಿಗೆ ನಾಂದಿ ಹಾಡಿದ, ಮೃದುಭಾಷಿ..." ಇಲ್ಲಿ 'ಮೃದುಭಾಷಿ' ಎಂಬುದು ಅಭ್ಯಾಸಬಲದಿಂದ ಬಂದ ಪದ. ಅಕ್ಕ ಮೃದುಭಾಷಿ ಅಲ್ಲ. ಅವರು ಹಳೇ ಬಾಗಿಲಲ್ಲಿ ಮಾತು ಶುರು ಮಾಡಿದರೆ ಎದುರು ರಸ್ತೆಯ ಹಣ್ಣಿನ ಅಂಗಡಿಯವರು ತಮ್ಮ ರೇಡಿಯೋ ಆರಿಸುತ್ತಾರೆ. "ಹೆಂಗೂ ಏನೂ ಕೇಳ್ಸಲ್ಲ" ಎಂದು ಅವರೇ ನನಗೆ ಹೇಳಿದ್ದಾರೆ.

ಕ್ಷಮಿಸಿ, ಪತ್ರದಿಂದ ಆಚೆ ಬಂದೆ. ಬಂದದ್ದಾಯಿತು, ಸ್ವಲ್ಪ ಹೇಳಿಯೇ ಬಿಡುತ್ತೇನೆ.

ನಾಲ್ಕು ವರ್ಷದ ಹಿಂದೆ ನಾನು ಈ ಕಚೇರಿಗೆ ಅರ್ಜಿ ಹಾಕಿದ್ದು ಪ್ರವಾಸಿಗರ ಕೈಪಿಡಿ ಬರೆಯುವ ಕೆಲಸಕ್ಕೆ. ಆ ಕೆಲಸ ಬೇರೆಯವರಿಗೆ ಹೋಗಿತ್ತು. ಖಾಲಿ ಇದ್ದದ್ದು ಗೈಡಿನ ಸಹಾಯಕಿಯ ಜಾಗ. ಸಂದರ್ಶನದಲ್ಲಿ ನನ್ನ ಹೆಸರನ್ನೇ ಎರಡು ಸಲ ಕೇಳಬೇಕಾಯಿತು. "ಮಾತಾಡೋಕೆ ಬರಲ್ಲ, ಗೈಡ್ ಆಫೀಸಿಗೆ ಬಂದಿದ್ದೀಯಲ್ಲಮ್ಮ" ಎಂದು ಒಬ್ಬರು ನಕ್ಕರು. ಕಿಟಕಿಯ ಪಕ್ಕ ನಿಂತಿದ್ದ ಅಕ್ಕ ಹೇಳಿದರು: "ನಂಗೆ ಕೊಡಿ ಅವಳನ್ನ. ಮಾತಾಡೋಕೆ ನಾನಿದ್ದೀನಲ್ಲ. ಹಿಂದೆ ಇರೋಳು ಬಾಯಿ ಮುಚ್ಕೊಂಡು ಕಣ್ಣು ಬಿಟ್ಕೊಂಡಿರ್ಬೇಕು."

ಆ ಕೆಲಸಕ್ಕೆ ನಮ್ಮಲ್ಲಿ 'ಬಾಲ' ಎನ್ನುತ್ತೇವೆ. ಗೈಡು ಗುಂಪಿನ ತಲೆ, ಸಹಾಯಕಿ ಗುಂಪಿನ ಬಾಲ. ನಾಲ್ಕು ವರ್ಷದಿಂದ ನನ್ನನ್ನೂ ಎಲ್ಲರೂ ಬಾಲ ಎಂದೇ ಕರೆಯುತ್ತಾರೆ. ಬಾಲದ ಕೆಲಸ ಎರಡು. ಒಂದು, ಜನರನ್ನು ಎಣಿಸುವುದು. ಇನ್ನೊಂದು, ಹಿಂದಕ್ಕೆ ನಡೆಯುವ ಗೈಡಿಗೆ ಕಣ್ಣಾಗುವುದು. ಅಕ್ಕನ ಬೆನ್ನ ಹಿಂದೆ ಬೈಕ್ ಬಂದರೆ ನಾನು ಅಂಗೈ ಎತ್ತಬೇಕು, ಅವರು ನಿಲ್ಲುತ್ತಾರೆ. ಮುಷ್ಟಿ ಹಿಡಿದರೆ ಮೆಟ್ಟಿಲು. ಎರಡು ಬೆರಳು ತೋರಿಸಿದರೆ ಎಣಿಕೆ ಸರಿಯಾಗಿದೆ, ಎಲ್ಲರೂ ಬಂದರು ಎಂದು ಅರ್ಥ. ನಡುವೆ ಇಪ್ಪತ್ತು ಜನ, ಕ್ಯಾಮೆರಾ, ಕೊಡೆ, ಟೋಪಿ. ಇವುಗಳ ಮೇಲಿಂದ ಅವರು ನನ್ನ ಕೈಯನ್ನು ನೋಡುತ್ತಿದ್ದರು. ಒಮ್ಮೆಯೂ, ಸಭಿಕರೇ, ಒಮ್ಮೆಯೂ ಅವರು ನನ್ನ ಕೈಯನ್ನು ಅನುಮಾನಿಸಿ ಹಿಂತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

ಯಾಕೆ ಹಿಂದಕ್ಕೆ ನಡೆಯುತ್ತೀರಿ ಎಂದು ಮೊದಲ ವಾರ ಕೇಳಿದೆ. "ಬೆನ್ನು ತೋರ್ಸಿ ಮಾತಾಡಿದ್ರೆ ಅವರಿಗೆ ಬೇಜಾರಾಗಿದ್ಯೋ, ಬಾಯಾರಿದ್ಯೋ, ಕಾಲು ನೋಯ್ತಿದ್ಯೋ ನಂಗೆ ಹೆಂಗೆ ಗೊತ್ತಾಗ್ಬೇಕು? ಕಲ್ಲು ಎಲ್ಲೂ ಹೋಗಲ್ಲ, ನಾನು ಅದನ್ನ ನೋಡ್ಬೇಕಾಗಿಲ್ಲ. ಬಂದೋರು ನಾಳೆ ಹೋಗ್ಬಿಡ್ತಾರೆ" ಎಂದರು.

ಈ ಅಭ್ಯಾಸ ಮನೆಯನ್ನೂ ಬಿಟ್ಟಿಲ್ಲವಂತೆ. ಮೊದಲ ಸಾಲಿನಲ್ಲಿ ಭಾವನವರು ಕುಳಿತಿದ್ದಾರೆ, ಅವರ ಅಪ್ಪಣೆ ಕೇಳದೆಯೇ ಹೇಳುತ್ತೇನೆ. ಮದುವೆಯಾದ ಹೊಸತರಲ್ಲಿ ಇಬ್ಬರೂ ಸಂಜೆ ಸುತ್ತಾಡಲು ಹೊರಟರು. ಹತ್ತು ಹೆಜ್ಜೆ ಹೋಗುವುದರೊಳಗೆ ಅಕ್ಕ ಇವರ ಮುಂದೆ ಬಂದು, ಹಿಂದಕ್ಕೆ ನಡೆಯುತ್ತಾ, ಆ ಬೀದಿಯ ಚರಂಡಿಯನ್ನು ಯಾರ ಕಾಲದಲ್ಲಿ ಕಟ್ಟಿದರು ಎಂದು ವಿವರಿಸಲು ಶುರು ಮಾಡಿದರು. ಭಾವ ಕೈ ಮುಗಿದು ಹೇಳಿದರಂತೆ: "ನಾನೇನು ಟಿಕೆಟ್ ತಗೊಂಡು ಬಂದಿದ್ದೀನೇನೆ? ಪಕ್ಕದಲ್ಲಿ ನಡಿ ಮಾರಾಯ್ತಿ."

ಇಲ್ಲಿರುವ ಹಿರಿಯರಿಗೆ ನೆನಪಿರಬಹುದು, ಅಕ್ಕ ಬರುವ ಮುಂಚೆ ನಮ್ಮ ಊರು ನೋಡುವುದೆಂದರೆ ಬಸ್ಸಿನಲ್ಲಿ ನೋಡುವುದು. ಕೋಟೆಗೋಡೆಯ ಮುಂದೆ ಹತ್ತು ನಿಮಿಷ, ಗೋಪುರದ ಮುಂದೆ ಹತ್ತು ನಿಮಿಷ, ಫೋಟೋ, ಮುಂದಿನ ಊರು. ಗೋಪುರದ ನಡಿಗೆಯನ್ನು ಹುಟ್ಟುಹಾಕಿದ್ದು ಅಕ್ಕ. ಬೆಳಿಗ್ಗೆ ಎಂಟೂವರೆಗೆ ಹಳೇ ಬಾಗಿಲು, ಅಲ್ಲಿಂದ ತಾಮ್ರದ ಓಣಿ, ಜಾಲರಿ ಕಿಟಕಿಯ ಮನೆ, ಒಗೆಯುವ ಕೊಳ, ಕೊನೆಗೆ ನೂರ ಹದಿನಾಲ್ಕು ಮೆಟ್ಟಿಲು ಹತ್ತಿ ಗಡಿಯಾರದ ಕೋಣೆ. ಅಲ್ಲಿ ಮನುಷ್ಯರಷ್ಟು ಎತ್ತರದ ಹಲ್ಲುಗಾಲಿಗಳ ಪಕ್ಕದಲ್ಲಿ ನಿಂತು ಇಡೀ ಊರಿನ ಮಾಳಿಗೆಗಳನ್ನು ನೋಡಬಹುದು. ಹನ್ನೆರಡು ಹೊಡೆಯುವ ಮುಂಚೆ ಎಲ್ಲರನ್ನೂ ಕೆಳಗಿಳಿಸಬೇಕು, ಇಲ್ಲದಿದ್ದರೆ ಗಂಟೆಯ ಸದ್ದಿಗೆ ಕಿವಿ ಗುಂಯ್ ಎನ್ನುತ್ತದೆ.

ತಾಮ್ರದ ಓಣಿಯಲ್ಲಿ ಅಕ್ಕ ಪ್ರವಾಸಿಗರನ್ನು ಒಂದು ಕಾರ್ಖಾನೆಯೊಳಗೆ ಕರೆದುಕೊಂಡು ಹೋಗಿ, ಸುತ್ತಿಗೆ ಕೊಟ್ಟು, ಒಂದು ಪಾತ್ರೆಗೆ ಒಂದೊಂದು ಏಟು ಹಾಕಿಸುತ್ತಿದ್ದರು. ಒಂದೇ ಏಟು. ಅಷ್ಟರಲ್ಲೇ ಜನಕ್ಕೆ ತಿಳಿಯುತ್ತಿತ್ತು, ನೋಡಲು ಸುಲಭ ಕಾಣುವ ಕೆಲಸಕ್ಕೆ ಎಷ್ಟು ಮಣಿಕಟ್ಟು ಬೇಕೆಂದು. ಆ ಕಾರ್ಖಾನೆಯ ಅಮ್ಮ ಇಲ್ಲೇ ಇದ್ದಾರೆ. ಅವರು ಒಮ್ಮೆ ಸಿಟ್ಟಾಗಿ, "ನಿಮ್ಮೋರು ಬಡಿದೂ ಬಡಿದೂ ನನ್ನ ಪಾತ್ರೆ ಕುಳಿ ಬಿದ್ದ ರಸ್ತೆ ಥರ ಆಗಿದೆ. ಯಾರು ತಗೋತಾರೆ ಇದನ್ನ?" ಎಂದರು. ಅಕ್ಕ, "ಮಾರ್ಬೇಡ, ಇಟ್ಕೋ. ನಾನು ರಿಟೈರ್ ಆದಾಗ ಕೊಡು" ಎಂದು ಬಿಟ್ಟಿದ್ದರು. ಅಧ್ಯಕ್ಷರ ಮೇಜಿನ ಮೇಲೆ, ನೀರಿನ ಬಾಟಲಿಗಳ ಪಕ್ಕದಲ್ಲಿ ಇರುವ, ನೀವೆಲ್ಲ ಆಗಿನಿಂದ ಅನುಮಾನದಿಂದ ನೋಡುತ್ತಿರುವ ಆ ಪಾತ್ರೆ ಅದೇ.

ಆದರೆ ಅಕ್ಕನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಒಗೆಯುವ ಕೊಳದಲ್ಲಿ. ಮೇಷ್ಟ್ರಿಗೆ ಇದು ಇಷ್ಟವಾಗಬಹುದು. ಆ ಕೊಳದಲ್ಲಿ ಒಬ್ಬ ರಾಣಿ ಮುಳುಗಿ ಸತ್ತಳು ಎಂದು ಬಹಳ ಗೈಡುಗಳು ಹೇಳುತ್ತಾರೆ. ಜನ ಅಯ್ಯೋ ಎನ್ನುತ್ತಾರೆ, ಫೋಟೋ ತೆಗೆಯುತ್ತಾರೆ. ಅಕ್ಕ ಮಾತ್ರ ಸೊಂಟಕ್ಕೆ ಕೈ ಕೊಟ್ಟು ನಿಂತು, "ಇಲ್ಲಿ ಯಾವ ರಾಣಿಯೂ ಮುಳುಗಿಲ್ಲ. ನೀರು ಮೊಣಕಾಲುದ್ದ ಇತ್ತು. ಮುಳುಗಬೇಕು ಅಂದ್ರೆ ಮಲಗಬೇಕಾಗಿತ್ತು" ಎನ್ನುತ್ತಿದ್ದರು. ಆಮೇಲೆ ಕೊಳದ ಅಂಚಿನ ಕಲ್ಲನ್ನು ತೋರಿಸಿ, ಇಷ್ಟವಿದ್ದವರು ಮಂಡಿಯೂರಿ ಎಂದು ಹೇಳುತ್ತಿದ್ದರು. ಆ ಕಲ್ಲಿನಲ್ಲಿ ಎರಡು ತಗ್ಗುಗಳಿವೆ. ನೂರಾರು ವರ್ಷ ಬಟ್ಟೆ ಒಗೆದವರ ಮಂಡಿ ಊರಿ ಊರಿ ಆದ ತಗ್ಗು. ನಮ್ಮ ಮಂಡಿ ಸರಿಯಾಗಿ ಕೂರುತ್ತದೆ. ಒಂದು ಸಲ ದೂರದ ದೇಶದ ಒಬ್ಬ ಹೆಂಗಸು ಹಾಗೆ ಮಂಡಿಯೂರಿದವರು ಐದು ನಿಮಿಷ ಏಳಲಿಲ್ಲ. ಅವರ ಅಜ್ಜಿ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದರಂತೆ. ರಾಣಿಯ ಕಥೆ ಹೇಳಿದ್ದರೆ ಆ ಹೆಂಗಸು ಫೋಟೋ ತೆಗೆದು ಮುಂದೆ ಹೋಗುತ್ತಿದ್ದರು, ಅಲ್ಲವೇ?

"ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅನ್ನು. ಸುಳ್ಳು ಮಾತ್ರ ಹೇಳ್ಬೇಡ. ಅವರು ಅಷ್ಟು ದೂರದಿಂದ ಬಂದು ನಿನ್ನ ಸುಳ್ಳನ್ನ ಹೊತ್ಕೊಂಡು ಹೋಗ್ಬೇಕಾ?" ಇದು ಅವರ ಮಾತು. ಮೂವತ್ತೊಂದು ವರ್ಷ ಈ ಊರಿನ ಬಗ್ಗೆ ಅವರು ಒಂದು ಸುಳ್ಳನ್ನೂ ಹೇಳಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಈಗ ಪತ್ರದ ಎರಡನೇ ಪುಟ. "ಗೋಪುರದ ನಡಿಗೆಯಲ್ಲಿ ನಡೆದ ಅಜಾಗರೂಕತೆಯ ಒಂದು ಪ್ರಸಂಗವನ್ನು ಹೊರತುಪಡಿಸಿದರೆ, ಅವರ ಸೇವೆ ಕಪ್ಪುಚುಕ್ಕೆಯಿಲ್ಲದ್ದು."

ಈ ಸಾಲನ್ನು ನಾನು ಬರೆದಿರಲಿಲ್ಲ. ನನ್ನ ಕರಡಿನಲ್ಲಿ ವ್ಯವಸ್ಥಾಪಕರು ಕೆಂಪು ಶಾಯಿಯಲ್ಲಿ ಸೇರಿಸಿದರು. ಅವರನ್ನು ನಾನು ದೂರುತ್ತಿಲ್ಲ. "ಸತ್ಯ ಬರೀಬೇಕಲ್ಲಮ್ಮ, ಪೇಪರಲ್ಲೂ ಬಂದಿತ್ತು. ಬಿಟ್ರೆ ಜನ ಏನಂತಾರೆ?" ಎಂದರು. ಪತ್ರಕ್ಕೆ ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ ಅಕ್ಕನ ಮನೆಗೆ ಕೊಡುತ್ತಾರೆ. ಅದು ಅವರ ಹಜಾರದ ಗೋಡೆಯ ಮೇಲೆ ಇರುತ್ತದೆ. ಮನೆಗೆ ಬಂದವರೆಲ್ಲ ಅದನ್ನು ಓದುತ್ತಾರೆ.

ಹೌದು, ಸತ್ಯ ಬರೆಯಬೇಕು. ಆದ್ದರಿಂದ ಈ ಸಾಲನ್ನು ಓದಿ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ.

ಎರಡು ವರ್ಷದ ಹಿಂದಿನ ಮಾತು. ಆ ದಿನ ಗುಂಪಿನಲ್ಲಿ ಹತ್ತೊಂಬತ್ತು ಜನ. ಅವರಲ್ಲಿ ಒಬ್ಬರು ನಿವೃತ್ತ ಪೋಸ್ಟ್‌ಮ್ಯಾನ್, ವಯಸ್ಸಾದವರು, ಕಿವಿಗೆ ಯಂತ್ರ ಹಾಕಿಕೊಂಡಿದ್ದರು. ಗೋಪುರದ ಬುಡದಲ್ಲಿ ಎಣಿಸಿದೆ, ಹತ್ತೊಂಬತ್ತು. ಎಲ್ಲರೂ ಹತ್ತಿದರು. ಮೇಲೆ ಒಬ್ಬ ಹೆಂಗಸಿಗೆ ತಲೆ ಸುತ್ತು ಬಂದು, ಅಕ್ಕ ಅವರ ಕೈ ಹಿಡಿದು ಎಲ್ಲರಿಗಿಂತ ಮುಂಚೆ ಇಳಿಸಿಕೊಂಡು ಹೋದರು. ಹೋಗುವಾಗ ನನಗೆ ಹೇಳಿದರು: "ಉಳಿದೋರು ನಿನ್ನ ಲೆಕ್ಕ. ನೋಡ್ಕೊಂಡು ಕರ್ಕೊಂಡು ಬಾ."

ನಾನು ಮೆಟ್ಟಿಲ ತುದಿಯಲ್ಲಿ ನಿಂತು, ಇಳಿಯುವವರನ್ನು ಎಣಿಸಿದೆ. ಮೊದಲು ಇಳಿದ ಆ ಹೆಂಗಸೂ ಸೇರಿ ಹತ್ತೊಂಬತ್ತು. ಎಣಿಕೆ ಸರಿಯಾಯಿತು. ಸರಿಯಾದ್ದರಿಂದ ನಾನು ಕೋಣೆಯೊಳಗೆ ಇನ್ನೊಮ್ಮೆ ಕಣ್ಣು ಹಾಯಿಸಲಿಲ್ಲ. ಇಳಿದು ಬಂದೆ. ಬೀಗದ ತಾತ ಗೋಪುರಕ್ಕೆ ಬೀಗ ಹಾಕಿದರು. ಅಕ್ಕ ದೂರದ ನೆರಳಿನಲ್ಲಿ ಆ ಹೆಂಗಸಿಗೆ ನೀರು ಕುಡಿಸುತ್ತಾ, ಹುಬ್ಬೆತ್ತಿ ನನ್ನನ್ನು ಕೇಳಿದರು. ನಾನು ಎರಡು ಬೆರಳು ತೋರಿಸಿದೆ. ಎಲ್ಲರೂ ಬಂದರು.

ಎಲ್ಲರೂ ಬಂದಿರಲಿಲ್ಲ. ಪೋಸ್ಟ್ ತಾತ ಮಂಡಿನೋವಿಗೆ ಹಲ್ಲುಗಾಲಿಗಳ ಹಿಂದಿನ ಪೆಟ್ಟಿಗೆಯ ಮೇಲೆ ಕುಳಿತಿದ್ದರು. ಹನ್ನೆರಡರ ಗಂಟೆಗೆ ಹೆದರಿ ಕಿವಿಯ ಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದರು. ನಾವು ಇಳಿದದ್ದು ಅವರಿಗೆ ಕೇಳಿಸಲೇ ಇಲ್ಲ.

ಹಾಗಾದರೆ ಹತ್ತೊಂಬತ್ತನೆಯವರು ಯಾರು? ಗೋಪುರದ ಬುಡದಲ್ಲಿ ನೂಲಿನ ಅಂಗಡಿ ಇಟ್ಟಿರುವ ಅತ್ತೆ. ಅವರು ಅಲ್ಲಿ, ಮೂರನೇ ಸಾಲಿನಲ್ಲಿದ್ದಾರೆ. ಮೂವತ್ತು ವರ್ಷ ಆ ನೆರಳಿನಲ್ಲಿ ಕುಳಿತು ವ್ಯಾಪಾರ ಮಾಡಿ, ಒಂದು ದಿನವೂ ಮೇಲೆ ಹತ್ತಿರಲಿಲ್ಲ. ಆ ದಿನ ಏನನ್ನಿಸಿತೋ, ನನ್ನ ಎಣಿಕೆ ಮುಗಿದ ಮೇಲೆ ಗುಂಪಿನ ಜೊತೆ ಸೇರಿಕೊಂಡು ಹತ್ತಿದರು, ಗಾಳಿಗೆ ತಲೆ ಮೇಲೆ ಸೆರಗು ಹೊದ್ದು ಇಳಿದರು. ಅತ್ತೆ, ನೀವು ಈಗ ಬಾಯಿಗೆ ಕೈ ಇಟ್ಟುಕೊಳ್ಳಬೇಡಿ. ನಿಮ್ಮದೇನೂ ತಪ್ಪಿಲ್ಲ. ನೀವು ಪ್ರತಿದಿನ ನನ್ನನ್ನು "ಊಟ ಆಯ್ತೇನೆ?" ಎಂದು ಕೇಳುವವರು. ನಾನು ಒಂದು ಸಲ ತಲೆ ಎತ್ತಿ ನೋಡಿದ್ದರೆ ನಿಮ್ಮ ಮುಖ ಗುರುತು ಹಿಡಿಯುತ್ತಿರಲಿಲ್ಲವೇ?

ನೋಡಲಿಲ್ಲ. ಯಾಕೆಂದರೆ ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೊದಲ ದಿನವೇ ಅಕ್ಕ ಹೇಳಿದ್ದರು, "ತಲೆ ಎಣಿಸ್ಬೇಡ, ಮುಖ ಎಣಿಸು" ಎಂದು. ಆದರೆ ಮುಖ ನೋಡಿದರೆ ಅವರೂ ನನ್ನ ಮುಖ ನೋಡುತ್ತಾರೆ, ನಗುತ್ತಾರೆ, ಏನಾದರೂ ಕೇಳುತ್ತಾರೆ, ನಾನು ಉತ್ತರ ಕೊಡಬೇಕಾಗುತ್ತದೆ. ಅದಕ್ಕೆ ಹೆದರಿ ಎರಡು ವರ್ಷ ಬರೀ ಜಡೆ, ಟೋಪಿ, ಬೆನ್ನುಚೀಲ ಎಣಿಸಿದೆ. ಸಂಖ್ಯೆ ಯಾವತ್ತೂ ತಪ್ಪಿರಲಿಲ್ಲ. ಆ ದಿನವೂ ತಪ್ಪಲಿಲ್ಲ.

ಸಂಜೆ ನಾಲ್ಕೂವರೆಗೆ ಪೋಸ್ಟ್ ತಾತನ ಮಗಳು, ಅಪ್ಪ ಇನ್ನೂ ಬಂದಿಲ್ಲವೆಂದು ಕಚೇರಿಗೆ ಫೋನ್ ಮಾಡಿದರು. ಬೀಗದ ತಾತ ಓಡಿದರು, ನಾವೂ ಓಡಿದೆವು. ಪೋಸ್ಟ್ ತಾತ ಮೆಟ್ಟಿಲ ಮೇಲೆ, ಮುಚ್ಚಿದ ಬಾಗಿಲಿಗೆ ಒರಗಿ ಕುಳಿತಿದ್ದರು. ತುಟಿ ಒಣಗಿತ್ತು. ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದರು, ಮರುದಿನ ಚೇತರಿಸಿಕೊಂಡರು. ಅಕ್ಕ ನನ್ನನ್ನು ಕರೆದುಕೊಂಡು ನೋಡಲು ಹೋದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಐದು ಸಲ ಗಂಟೆ ಹೊಡೀತು. ಪ್ರತಿ ಸಲ ಯಾರಾದ್ರೂ ಬರ್ತಾರೆ ಅಂದ್ಕೊಂಡೆ. ಮೂವತ್ತೈದು ವರ್ಷ ಮನೆಮನೆಗೆ ಕಾಗದ ಮುಟ್ಟಿಸಿದೀನಿ ತಾಯಿ, ಒಂದನ್ನೂ ಎಲ್ಲೂ ಬಿಟ್ಟು ಬಂದಿಲ್ಲ. ನೀವು ನನ್ನೇ ಬಿಟ್ಟು ಬಂದ್ರಲ್ಲ" ಎಂದರು.

ಅದರ ಮಾರನೇ ದಿನ ವಿಚಾರಣೆ. ಮೇಜಿನ ಆಚೆ ವ್ಯವಸ್ಥಾಪಕರು, ಈಚೆ ನಾವಿಬ್ಬರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೇಲೆ ಎಣಿಕೆ ಯಾರದು?"

ನನ್ನ ಕೈಯಲ್ಲಿ ಎಣಿಕೆಯ ಪುಸ್ತಕ ಇತ್ತು. ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಬಸ್ಸಿನಲ್ಲಿ ಆಗುವಂತೆಯೇ ಆಯಿತು. ಸ್ಟಾಪು ದಾಟಿಹೋಯಿತು. ಅಷ್ಟರಲ್ಲಿ ಅಕ್ಕ ಹೇಳಿದರು: "ನಂದು ಸಾರ್."

ಸಭಿಕರೇ, ಮೂವತ್ತೊಂದು ವರ್ಷದಲ್ಲಿ ಅಕ್ಕ ಹೇಳಿದ ಒಂದೇ ಸುಳ್ಳು ಅದು. ರಾಣಿಯನ್ನು ಕೂಡ ಮುಳುಗಿಸದವರು ನನಗಾಗಿ ಹೇಳಿದ ಸುಳ್ಳು.

ಅಧ್ಯಕ್ಷರೇ, ಅಕ್ಕ ನಿಮ್ಮ ಪಕ್ಕದಿಂದ ನನಗೆ ಅಂಗೈ ತೋರಿಸುತ್ತಿದ್ದಾರೆ. ನಿಲ್ಲು ಎಂದು ಅರ್ಥ. ಜೊತೆಗಿದ್ದ ಎರಡು ವರ್ಷ ಈ ಸನ್ನೆಯನ್ನು ನಾನು ಅವರಿಗೆ ತೋರಿಸಿದ್ದೇನೆ, ಅವರು ಪ್ರತಿಸಲವೂ ನಿಂತಿದ್ದಾರೆ. ಅಕ್ಕ, ಕ್ಷಮಿಸಿ. ಇವತ್ತು ನಾನು ನಿಲ್ಲುವುದಿಲ್ಲ.

ಅಂದು ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ಕುಳಿತು ನಾನು ಅತ್ತುಬಿಟ್ಟೆ. ಅಕ್ಕ ಕರವಸ್ತ್ರ ಕೂಡ ಕೊಡಲಿಲ್ಲ. "ಇನ್ನೂ ಕಾಯಂ ಆಗಿಲ್ಲ ನೀನು. ಹೇಳಿದ್ರೆ ಇವತ್ತೇ ಮನೆಗೆ ಕಳಿಸ್ತಿದ್ರು. ನನ್ನನ್ನ ಕಳ್ಸೋಕಾಗಲ್ಲ, ಬೈತಾರೆ ಅಷ್ಟೇ. ನೀನು ನಾಳೆ ಬರ್ತೀಯ. ನಾಡಿದ್ದೂ ಬರ್ತೀಯ. ಇನ್ಮೇಲೆ ಮುಖ ನೋಡ್ತೀಯ. ಇದನ್ನ ಯಾರ ಹತ್ರನೂ ಬಾಯಿ ಬಿಡಬೇಡ" ಎಂದರು.

ಆದರೆ ಕಚೇರಿಯವರು ಬರೀ ಬೈದು ಬಿಡಲಿಲ್ಲ. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ, ಅಕ್ಕನನ್ನು ಅವರೇ ಕಟ್ಟಿದ ಗೋಪುರದ ನಡಿಗೆಯಿಂದ ತೆಗೆದು ಬಸ್ಸಿಗೆ ಹಾಕಿದರು. ಕೊನೆಯ ಎರಡು ವರ್ಷ ಅವರು ಆ ಮೆಟ್ಟಿಲು ಹತ್ತಲಿಲ್ಲ. ಬಸ್ಸಿನಲ್ಲಿ ಗೈಡಿನ ಸೀಟು ಚಾಲಕರ ಪಕ್ಕ, ಪ್ರವಾಸಿಗರಿಗೆ ಬೆನ್ನು ಹಾಕಿ ಕೂರಬೇಕು. ಅಕ್ಕ ಕೂರಲಿಲ್ಲ. ಕಂಬ ಹಿಡಿದು, ಹಿಂದಕ್ಕೆ ತಿರುಗಿ ನಿಂತೇ ಮಾತಾಡಿದರು. ನಮ್ಮ ಚಾಲಕಣ್ಣ ದಿನಾ ಗೋಗರೆಯುತ್ತಿದ್ದರು: "ಅಕ್ಕಾ, ದಮ್ಮಯ್ಯ ಕೂತ್ಕೊಳ್ಳಿ! ಬ್ರೇಕ್ ಹಾಕಿದ್ರೆ ಗಾಜಿಗೆ ಅಂಟ್ಕೋತೀರಿ!" "ನೀನು ಬ್ರೇಕ್ ಹಾಕ್ದಂಗೆ ಓಡ್ಸೋದು ಕಲಿ" ಎಂದು ಇವರು. ಎರಡು ವರ್ಷದಲ್ಲಿ ಆ ಬಸ್ಸು ಈ ಊರಿನಲ್ಲೇ ಅತ್ಯಂತ ಮೆತ್ತಗೆ ಓಡುವ ಬಸ್ಸಾಯಿತು. ಚಾಲಕಣ್ಣ ನಗುತ್ತಿದ್ದಾರೆ, ಅಂದರೆ ನಿಜ.

ಬಸ್ಸು ಗೋಪುರದ ಮುಂದೆ ಹತ್ತು ನಿಮಿಷ ನಿಲ್ಲುತ್ತಿತ್ತು. ಅದೇ ಹೊತ್ತಿಗೆ ಒಮ್ಮೊಮ್ಮೆ ನಾವು ಇಳಿದು ಬರುತ್ತಿದ್ದೆವು, ಬೇರೆ ಗೈಡು ಮುಂದೆ, ನಾನು ಹಿಂದೆ. ಅಕ್ಕ ಬಸ್ಸಿನ ಕಿಟಕಿಯಿಂದ ಹುಬ್ಬೆತ್ತಿ ಕೇಳುತ್ತಿದ್ದರು. ನಾನು ಎರಡು ಬೆರಳು ತೋರಿಸುತ್ತಿದ್ದೆ. ಆ ಎರಡು ವರ್ಷ ನಾನು ಮುಖಗಳನ್ನೇ ಎಣಿಸಿದ್ದೇನೆ. ಅಕ್ಕಸಾಲಿಗರ ಮುಖ, ನರ್ಸಮ್ಮಂದಿರ ಮುಖ, ಜಗಳ ಆಡಿಕೊಂಡು ಬಂದ ಗಂಡಹೆಂಡಿರ ಮುಖ. ಅವರು ನಕ್ಕರೆ ನಾನೂ ನಕ್ಕಿದ್ದೇನೆ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೇನೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದಿದ್ದೇನೆ. ನನ್ನನ್ನು ಹೀಗೆ ಇಷ್ಟು ಹೊತ್ತು ಮಾತಾಡುವವಳನ್ನಾಗಿ ಮಾಡಿದ್ದು ಕಾಲೇಜಲ್ಲ. ಅಕ್ಕನ ಆ ಹುಬ್ಬು.

ಮೂರು ನಿಮಿಷ ಎಂದೋ ಆಗಿಹೋಯಿತು. ಇನ್ನು ಎರಡು ಮಾತು.

ಮೊದಲನೆಯದು, ಈ ಪತ್ರ. ಇದನ್ನು ಹೀಗೆ ಚೌಕಟ್ಟಿಗೆ ಹಾಕಬೇಡಿ ಎಂದು ವ್ಯವಸ್ಥಾಪಕರಲ್ಲಿ ಎಲ್ಲರ ಮುಂದೆ ಕೇಳಿಕೊಳ್ಳುತ್ತೇನೆ. ನಿನ್ನೆ ರಾತ್ರಿ ಇನ್ನೊಂದು ಪ್ರತಿ ಬರೆದಿದ್ದೇನೆ. ಬೆಳಿಗ್ಗೆ ಅಮ್ಮನ ಅಂಗಡಿಯಲ್ಲೇ ಅದರ ಜೆರಾಕ್ಸ್ ಮಾಡಿಸಿದೆ. ಅದರಲ್ಲಿ ಆ ಸಾಲಿಲ್ಲ. 'ಮೃದುಭಾಷಿ' ಕೂಡ ಇಲ್ಲ.

ಎರಡನೆಯದು, ನನ್ನ ವಿಷಯ. ಅಕ್ಕನ ನಿವೃತ್ತಿಯಿಂದ ಗೈಡುಗಳ ಸಾಲು ಒಂದು ಜಾಗ ಮುಂದಕ್ಕೆ ಸರಿದು, ನಾಳೆಯಿಂದ ಗೋಪುರದ ನಡಿಗೆಗೆ ನನ್ನನ್ನು ಗೈಡಾಗಿ ನೇಮಿಸಿದ್ದಾರೆ. ಮೊನ್ನೆ ಬ್ಯಾಡ್ಜು ಕೊಟ್ಟರು. ಅಮ್ಮ ಅದನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದಾರೆ. ಅಮ್ಮ, ನೀವು ಎದ್ದು ನಿಂತಿದ್ದೀರಿ, ಕಾಣುತ್ತಿದೆ. ಕೂತ್ಕೊಳ್ಳಿ, ಮುಗಿಸುತ್ತೇನೆ.

ಬೆಳಿಗ್ಗೆ ಆ ಚಪ್ಪಲಿಯನ್ನು ನೋಡಿದ ಮೇಲೆ ನಾನು ಎರಡು ಕೆಲಸ ಮಾಡಿದೆ. ಎರಡು ವರ್ಷದ ಹಿಂದಿನ ಎಣಿಕೆಯ ಪುಸ್ತಕ ತೆಗೆದು, ಆ ತಾರೀಖಿನ ಎದುರು ಅಕ್ಕ ಹಾಕಿದ್ದ ಸಹಿಯ ಕೆಳಗೆ, ಇವತ್ತಿನ ದಿನ ಬರೆದು ನನ್ನ ಸಹಿ ಹಾಕಿದೆ. ಆಮೇಲೆ ನಡೆದದ್ದನ್ನೆಲ್ಲ ಒಂದು ಪತ್ರದಲ್ಲಿ ಬರೆದು, ಅದರ ಮೇಲೆ ನನ್ನ ಬ್ಯಾಡ್ಜನ್ನು ಇಟ್ಟು, ವ್ಯವಸ್ಥಾಪಕರ ಮೇಜಿನ ಮೇಲೆ ಬಿಟ್ಟು ಬಂದಿದ್ದೇನೆ. ಅದನ್ನು ವಾಪಸ್ ಕೊಡುವುದೋ ಬಿಡುವುದೋ ಅವರಿಗೆ ಸೇರಿದ್ದು. ನಾನು ಕೇಳಿಕೊಳ್ಳುವುದಿಲ್ಲ.

ಆದರೆ ನಾಳೆ ಬೆಳಿಗ್ಗೆ ಎಂಟೂವರೆಗೆ ನಾನು ಹಳೇ ಬಾಗಿಲಲ್ಲಿ ಇರುತ್ತೇನೆ. ಬ್ಯಾಡ್ಜು ಕೊಟ್ಟರೆ, ಅಕ್ಕನ ಹಾಗೆ ದಾರಿಗೆ ಬೆನ್ನು ಕೊಟ್ಟು, ಬಂದವರ ಕಡೆ ಮುಖ ಮಾಡಿ ನಡೆಯುತ್ತೇನೆ. ಕೊಡದಿದ್ದರೆ, ನೂಲಿನ ಅಂಗಡಿಯ ಅತ್ತೆಯ ಹಾಗೆ ಗುಂಪಿನ ಕೊನೆಯಲ್ಲಿ ಸೇರಿಕೊಂಡು ಕೇಳುತ್ತಾ ಹೋಗುತ್ತೇನೆ. ಯಾವ ಗೈಡಾದರೂ ಸರಿ, ಕೊಳದ ಹತ್ತಿರ ರಾಣಿಯನ್ನು ಮುಳುಗಿಸಲು ಹೊರಟರೆ, ಹಿಂದಿನಿಂದ ಗಟ್ಟಿಯಾಗಿ ಹೇಳುತ್ತೇನೆ, ನೀರು ಮೊಣಕಾಲುದ್ದ ಇತ್ತು ಎಂದು. ಇದು ನನ್ನ ತೀರ್ಮಾನ.

ಮಾತು ಶುರು ಮಾಡಿದಾಗ ನಾನು ಎದುರಿನ ಗೋಡೆಯ ಫ್ಯಾನ್ ನೋಡುತ್ತಿದ್ದೆ. ಈಗ ನಿಮ್ಮನ್ನು ನೋಡುತ್ತಿದ್ದೇನೆ. ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಬೀಗದ ತಾತ ಕನ್ನಡಕ ತೆಗೆದಿದ್ದಾರೆ. ವ್ಯವಸ್ಥಾಪಕರು ಕೆಂಪು ಶಾಯಿಯ ಪೆನ್ನನ್ನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದಾರೆ, ಯಾಕೆಂದು ತಿಳಿಯದು. ಅಮ್ಮ ಇನ್ನೂ ನಿಂತೇ ಇದ್ದಾರೆ.

ಅಕ್ಕ ಅಂಗೈ ಇಳಿಸಿದ್ದಾರೆ. ಹೂಗುಚ್ಛದ ಮೇಲಿಂದ ನನ್ನ ಕಡೆ ಎರಡು ಬೆರಳು ಎತ್ತಿ ಹಿಡಿದಿದ್ದಾರೆ.

ಮೂರು ನಿಮಿಷಕ್ಕೆಂದು ಕರೆದು ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಅತಿಥಿಗಳಿಗೆ, ಅಂಗಡಿ ಮುಚ್ಚಿ ಬಂದ ನಿಮಗೆಲ್ಲ ಕೃತಜ್ಞಳು. ಅಕ್ಕ, ನಿಮ್ಮ ಹಳೆಯ ಚಪ್ಪಲಿ ಬೆಂಚಿನ ಕೆಳಗೇ ಇದೆ, ಹೋಗುವಾಗ ಮರೆಯಬೇಡಿ.

ಎಲ್ಲರಿಗೂ ನಮಸ್ಕಾರ.